ಖಾಲಿ ಕರಡಿಗೆ

ನನ್ನ ಆಯಿಯ, ಅಂದರೆ ಅವ್ವನ ತಾಯಿಯ, ಕರಡಿಗೆ 46 ಗ್ರಾಂ ತೂಗುತ್ತದೆ. ಹಳೆ ಲೆಕ್ಕದಲ್ಲಿ ನಾಲ್ಕು ತೊಲಕ್ಕೆ ಚೂರು ಕಮ್ಮಿ. ಅದು ಖಾಲಿ ಇರುವಾಗಿನ ತೂಕ. ಆಯಿ ಬದುಕಿದ್ದಾಗ ಅದನ್ನು ತಕ್ಕಡಿಗೆ ಹಾಕುವ ಮಾತೇ ಇರಲಿಲ್ಲ. ಅದು ಅವಳ ಎದೆಯ ಮೇಲೆ ಇರುತ್ತಿತ್ತು. ರೊಟ್ಟಿ ಬಡಿಯುವಾಗ ಸೆರಗಿನ ಒಳಗೆ ಅಲುಗಾಡುತ್ತಿತ್ತು. ರಾತ್ರಿ ಅವಳ ಮಗ್ಗುಲಲ್ಲಿ ಮಲಗಿದರೆ ನನ್ನ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಲಿಂಗಾಯತರು ಮೈಮೇಲೆ ಧರಿಸುವ ಇಷ್ಟಲಿಂಗವನ್ನು ಇಡುವ ಪುಟ್ಟ ಬೆಳ್ಳಿ ಭರಣಿಗೆ ಕರಡಿಗೆ ಅನ್ನುತ್ತಾರೆ. ಗುಂಡಗಿದ್ದರೆ ಗುಂಡಗಡಿಗೆ. ಅದನ್ನು ಪೋಣಿಸುವ ನೂಲು ಶಿವದಾರ. ಬೆಳ್ಳಿಗೆ ಅನುಕೂಲ ಇಲ್ಲದವರು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳುತ್ತಿದ್ದರು. ಆಯಿಯ ಕರಡಿಗೆಗೆ ನಡುವೆ ಉಬ್ಬಿದ ಹೊಟ್ಟೆ ಇದೆ. ಎರಡೂ ಬದಿಗೆ ಚೂಪಾಗುತ್ತಾ ಹೋಗುವ ತುದಿಗಳು. ಆ ತುದಿಗಳಲ್ಲಿ ದಾರಕ್ಕೆ ಕಿವಿ. ಮೇಲೊಂದು ಮುಚ್ಚಳ. ಮುಚ್ಚಳ ಎಷ್ಟು ಹದವಾಗಿ ಕೂರುತ್ತದೆ ಅಂದರೆ, ಮುಚ್ಚಿದಾಗ ಒಳಗಿನ ಗಾಳಿ ಮೆತ್ತಗೆ ಹೊರಗೆ ಹೋಗುವುದು ಬೆರಳಿಗೆ ಗೊತ್ತಾಗುತ್ತದೆ.

1994ರ ಬೇಸಿಗೆಯಲ್ಲಿ ಆಯಿ ಲಿಂಗೈಕ್ಯಳಾದಳು. ನನಗಾಗ ಹನ್ನೊಂದು ವರ್ಷ. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಘಟಪ್ರಭೆಯ ದಂಡೆಯ ನಮ್ಮ ಹೊಲದಲ್ಲಿ ಕುಣಿ ತೋಡಿ ಅವಳನ್ನು ಕೂರಿಸಿದರು. ಕರಡಿಗೆಯಿಂದ ಲಿಂಗ ತೆಗೆದು ಅವಳ ಎಡ ಅಂಗೈಯಲ್ಲಿ ಇಟ್ಟರು. ವಿಭೂತಿ ಹಾಕಿದರು, ಬಿಲ್ವಪತ್ರೆ ಹಾಕಿದರು. ಆಮೇಲೆ ಮಣ್ಣು. ವಾಪಸ್ ಬರುವಾಗ ಹಿರಿಯರೊಬ್ಬರು ಕರಡಿಗೆಯನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ದಾರಿಯುದ್ದಕ್ಕೂ ನಾನು ಆ ಗಂಟನ್ನೇ ನೋಡುತ್ತಾ ನಡೆದೆ. ಒಳಗೆ ಏನೂ ಇಲ್ಲ ಅನ್ನುವುದು ನನಗೆ ಗೊತ್ತಿತ್ತು. ಆದರೂ ಏನೋ ಇದೆ ಅಂತ ಅನ್ನಿಸುತ್ತಿತ್ತು.

ಈಗ ನಾನು ಒಡವೆ ಮಾಡುತ್ತೇನೆ. ಮದುವೆಗೆ ಬೇಕಾಗುವ ಒಡವೆಗಳಲ್ಲ. ಶಿಲ್ಪದ ಥರದವು. ಮೈಮೇಲೆ ಹಾಕಿಕೊಳ್ಳಬಹುದಾದ ಶಿಲ್ಪ ಅನ್ನಿ. ಇದಕ್ಕೆ ಕನ್ನಡದಲ್ಲಿ ಇನ್ನೂ ಬಾಯಿಗೆ ಒಗ್ಗಿದ ಹೆಸರಿಲ್ಲ. ಆರ್ಟ್ ಜುವೆಲರಿ ಅಂದರೆ ಧಾರವಾಡದ ನಮ್ಮ ಓಣಿಯವರು ‘ಒನ್ ಗ್ರಾಂ ಗೋಲ್ಡಾ?’ ಅಂತ ಕೇಳುತ್ತಾರೆ. ಅವರ ಪ್ರಶ್ನೆ ಸಹಜವೇ. ನಮ್ಮಲ್ಲಿ ಒಡವೆ ಅಂದ ಕೂಡಲೇ ಮೊದಲು ಬರುವುದು ತೂಕ, ಆಮೇಲೆ ಇವತ್ತಿನ ರೇಟು, ಆಮೇಲೆ ಮೇಕಿಂಗ್ ಚಾರ್ಜು, ವೇಸ್ಟೇಜು. ಇದನ್ನು ಯಾರು ಮಾಡಿದರು, ಯಾರು ಹಾಕಿಕೊಂಡಿದ್ದರು ಅನ್ನುವುದಕ್ಕೆ ಆ ಬಿಲ್ಲಿನಲ್ಲಿ ಜಾಗ ಇರುವುದಿಲ್ಲ.

ಅದು ನನಗೆ ಸರಿಯಾಗಿ ಅರ್ಥ ಆಗಿದ್ದು ಆಯಿಯ ಬೋರಮಾಳ ಕರಗಿದ ದಿನ. ಬೋರಮಾಳ ಅಂದರೆ ಬಾರೀಕಾಯಿಯಂಥ ಬಂಗಾರದ ಗುಂಡುಗಳ ಸರ. ಗುಂಡುಗಳು ಒಳಗೆ ಪೊಳ್ಳು. ತೆಳ್ಳಗಿನ ಬಂಗಾರ ಜಜ್ಜಿಹೋಗದ ಹಾಗೆ ಒಳಗೆ ಅರಗು ತುಂಬಿರುತ್ತಾರೆ. ತಮ್ಮನ ಓದಿಗೆ ದುಡ್ಡು ಬೇಕಾಗಿತ್ತು. ಅವ್ವ ನನ್ನನ್ನೂ ಕರೆದುಕೊಂಡು ಪೇಟೆಯ ಒಂದು ಅಂಗಡಿಗೆ ಹೋದಳು. ಅವರು ಸರವನ್ನು ನೋಡಲೂ ಇಲ್ಲ. ಸೀದಾ ಬೆಂಕಿಗೆ ಹಿಡಿದರು. ಅರಗು ಹೊಗೆಯಾಗಿ ಹೋಯಿತು. ಗುಂಡುಗಳು ಒಂದೊಂದಾಗಿ ಕುಸಿದು ಒಂದು ಸಣ್ಣ ಹಳದಿ ಉಂಡೆಯಾದವು. ‘ಅರಗೇ ಜಾಸ್ತಿ ಇತ್ತಲ್ಲಮ್ಮ’ ಅಂದರು. ತೂಕ ಕಳೆದರು, ದುಡ್ಡು ಎಣಿಸಿದರು. ಅವ್ವ ಏನೂ ಮಾತಾಡಲಿಲ್ಲ. ಆ ಹೊಗೆಯ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ನನ್ನ ಕೆಲಸದ ಕೋಣೆಯಲ್ಲಿ ಅರಗು ಕಾಸುವಾಗೆಲ್ಲ ಅದು ವಾಪಸ್ ಬರುತ್ತದೆ.

ಮರುವಾರ ನಾನು ಬಾದಾಮಿಗೆ ಹೋಗಿದ್ದೆ. ಮೂರನೇ ಗುಹೆಯ ಶಾಸನದಲ್ಲಿ ವರ್ಷ ಇದೆ. ಕ್ರಿ.ಶ. 578, ಚಾಲುಕ್ಯ ಮಂಗಳೇಶನ ಕೆಲಸ. ಅಲ್ಲಿ ಕಂಬಗಳ ಮೇಲೆ, ಸೂರಿನ ಕೆಳಗೆ ಕಲ್ಲಿನ ಹೆಣ್ಣುಗಳು ನಿಂತಿದ್ದಾರೆ. ಕೊರಳಲ್ಲಿ ಸರ, ತೋಳಲ್ಲಿ ಬಂದಿ, ನಡುವಿಗೆ ಡಾಬು. ಅವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವತ್ತು ಬೇರೆಯೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಲ್ಲುಕುಟಿಗ ಸರವನ್ನು ಸುಮ್ನೆ ಗೆರೆಯಾಗಿ ಕೆತ್ತಿಲ್ಲ. ಎದೆಯ ಏರಿನಲ್ಲಿ ಅದು ಹೇಗೆ ಬಾಗುತ್ತದೆ, ಇಳಿಜಾರಿನಲ್ಲಿ ಹೇಗೆ ಜೋತು ಬೀಳುತ್ತದೆ, ಎಲ್ಲವನ್ನೂ ಕಂಡು ಕೆತ್ತಿದ್ದಾನೆ. ಒಡವೆಗೆ ಮೈ ಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಒಂದು ಸಾವಿರದ ನಾನೂರು ವರ್ಷ ದಾಟಿದರೂ ಆ ಹೆಣ್ಣುಮಕ್ಕಳ ಸರವನ್ನು ಯಾರೂ ಕರಗಿಸಿಲ್ಲ. ಅವತ್ತು ಗುಹೆಯ ಮೆಟ್ಟಿಲ ಮೇಲೆ ಕೂತು ತುಂಬಾ ಹೊತ್ತು ಅತ್ತೆ. ನಾನು ಏನು ಮಾಡಬೇಕು ಅನ್ನುವುದು ಅಲ್ಲೇ ಶುರುವಾಯಿತು ಅಂತ ಈಗ ಅನ್ನಿಸುತ್ತದೆ.

ಕೆಲಸ ಕಲಿಸಿದವರು ಒಬ್ಬ ಪತ್ತಾರ ಕಾಕಾ, ಅಂದರೆ ಅಕ್ಕಸಾಲಿಗರು. ಅವರ ಹೆಸರು ಹಾಕುವುದು ಅವರಿಗೆ ಇಷ್ಟ ಇಲ್ಲ. ಅವರ ಅಪ್ಪ, ಅಜ್ಜ ಎಲ್ಲರೂ ಕರಡಿಗೆ ಮಾಡಿದವರು. ನಾನು ಅಷ್ಟೊತ್ತಿಗೆ ಕಾಲೇಜಿನಲ್ಲಿ ಶಿಲ್ಪಕಲೆ ಓದಿ ಮುಗಿಸಿದ್ದೆ. ಮಣ್ಣು, ಪ್ಲಾಸ್ಟರು, ಕಲ್ಲು ಎಲ್ಲ ಗೊತ್ತಿತ್ತು. ಆದರೆ ಬೆಳ್ಳಿ ಗೊತ್ತಿರಲಿಲ್ಲ. ಬೆಳ್ಳಿಯನ್ನು ಬಡಿಯುತ್ತಾ ಹೋದರೆ ಅದು ಬಿರುಸಾಗುತ್ತದೆ. ಇನ್ನೂ ಬಡಿದರೆ ಸೀಳುತ್ತದೆ. ಆಗ ಕಾಸಬೇಕು. ಕೋಣೆಯ ಬೆಳಕು ಕಮ್ಮಿ ಮಾಡಿಕೊಂಡು, ಮಂದ ಕೆಂಪು ಬಣ್ಣ ಬಂದ ಕೂಡಲೇ ತೆಗೆದು ನೀರಿಗೆ ಬಿಡಬೇಕು. ಮತ್ತೆ ಮೆತ್ತಗಾಗುತ್ತದೆ. ಬೆಳಕು ಜಾಸ್ತಿ ಇದ್ದರೆ ಆ ಕೆಂಪು ಕಾಣುವುದೇ ಇಲ್ಲ. ಅಪ್ಪಟ ಬೆಳ್ಳಿ 961 ಡಿಗ್ರಿಗೆ ಕರಗುತ್ತದೆ. ಕಾಕಾಗೆ ಆ ಅಂಕಿ ಬೇಕಾಗಿಲ್ಲ. ಅವರ ಕಣ್ಣಿಗೆ ಗೊತ್ತು.

ಮೊದಲ ವರ್ಷ ಇಡೀ ನಾನು ಬರೀ ಗುಂಡು ಮಾಡಿದೆ. ಎರಡು ತಟ್ಟೆ ತಗಡು ಕತ್ತರಿಸಿ, ಮರದ ಗುಳಿಯಲ್ಲಿಟ್ಟು ಬಡಿದು ಬಟ್ಟಲು ಮಾಡುವುದು. ಅಂಚು ಅರ ಹಾಕಿ ಸಮ ಮಾಡುವುದು. ಬಿಳಿಗಾರ ಸವರಿ ಎರಡನ್ನೂ ಬೆಸೆಯುವುದು. ಹೇಳುವಾಗ ಸುಲಭ. ಒಂದು ಮಧ್ಯಾಹ್ನ ಅಂಚುಗಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತವು. ನನಗೆ ಹೇಳಲಾರದಷ್ಟು ಖುಷಿ. ಬೆಸುಗೆ ಹರಿಯಿತು. ಒಂದು ಕಡೆ ಇನ್ನೊಂದು ಚೂರು ಬೆಸುಗೆ ಬೇಕು ಅನ್ನಿಸಿ ಮತ್ತೆ ಉರಿ ಹಿಡಿದೆ. ಪಟ್ ಅಂತ ಸಿಡಿಯಿತು. ಗುಂಡಿನ ಒಂದು ಬದಿ ಹರಿದು ಹೂವಿನ ಹಾಗೆ ತೆರೆದುಕೊಂಡಿತ್ತು. ಒಂದು ಚೂರು ನನ್ನ ಮುಂಗೈಗೆ ಬಡಿದ ಗುರುತು ಇನ್ನೂ ಇದೆ.

ಕಾಕಾ ಓಡಿ ಬಂದರು. ಮೊದಲು ಕೈಗೆ ನೀರು ಹಾಕಿದರು. ಆಮೇಲೆ ಹರಿದ ಗುಂಡನ್ನು ಚಿಮ್ಮಟದಲ್ಲಿ ಎತ್ತಿ ನೋಡಿದರು.

‘ತೂತ ಎಲ್ಲಿ ಐತಿ ತಂಗಿ?’

‘ಯಾವ ತೂತ, ಕಾಕಾ?’

‘ಒಳಗಿನ ಗಾಳಿ ಕಾದಮ್ಯಾಲ ಎಲ್ಲಿ ಹೋಗಬೇಕ? ನೀ ಬಾಗಿಲಾ ಹಾಕೀದಿ. ಅದಕ್ಕ ಉಸಿರಾಡಾಕ ಒಂದ ದಾರಿ ಕೊಡಬೇಕವಾ.’

ಪೊಳ್ಳು ಇರುವ ಯಾವ ವಸ್ತುವನ್ನು ಬೆಸೆಯುವಾಗಲೂ ಎಲ್ಲೋ ಒಂದು ಕಡೆ ಸಣ್ಣ ತೂತು ಬಿಡಲೇಬೇಕು. ಒಳಗಿನ ಗಾಳಿ ಬಿಸಿಗೆ ಹಿಗ್ಗುತ್ತದೆ, ದಾರಿ ಸಿಗದಿದ್ದರೆ ಲೋಹವನ್ನೇ ಹರಿಯುತ್ತದೆ. ಇದನ್ನು ಕಾಕಾ ‘ಉಸಿರ ತೂತ’ ಅನ್ನುತ್ತಾರೆ. ಆವತ್ತಿನಿಂದ ನಾನು ಮಾಡುವ ಪ್ರತಿಯೊಂದು ವಸ್ತುವಿನಲ್ಲೂ ಮೊದಲು ನೋಡುವುದು ಆ ತೂತನ್ನೇ. ಎಷ್ಟೋ ಜನ ಕೊನೆಗೆ ಅದನ್ನು ಮುಚ್ಚಿ ಪಾಲಿಶ್ ಮಾಡುತ್ತಾರೆ. ನಾನು ಮುಚ್ಚುವುದಿಲ್ಲ.

ಅದೇ ದಿನಗಳಲ್ಲಿ ಗ್ರಂಥಾಲಯದಲ್ಲಿ ಒಂದು ಫೋಟೋ ನೋಡಿದೆ. ಒಟ್ಟೊ ಕುಂಜ್ಲಿ ಅನ್ನುವ ಸ್ವಿಟ್ಜರ್ಲೆಂಡ್ ಮೂಲದ ಕಲಾವಿದ 1980ರಲ್ಲಿ ಮಾಡಿದ ಬಳೆ. ಬರೀ ಕಪ್ಪು ರಬ್ಬರಿನ ಕೊಳವೆ. ಒಂದು ಕಡೆ ಸ್ವಲ್ಪ ಉಬ್ಬಿದೆ. ಆ ಉಬ್ಬಿನ ಒಳಗೆ ಬಂಗಾರದ ಒಂದು ಗುಂಡು ಇದೆ. ಕಣ್ಣಿಗೆ ಕಾಣುವುದಿಲ್ಲ. ರಬ್ಬರ್ ಸವೆದು ಹರಿದರೆ ಮಾತ್ರ ಕಂಡೀತು. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥ ‘ಬಂಗಾರ ಕುರುಡು ಮಾಡುತ್ತದೆ’. ಯುರೋಪಿನಲ್ಲಿ ಅದು ದೊಡ್ಡ ಮಾತಾಯಿತು. ಒಡವೆಯ ಬೆಲೆ ಎಲ್ಲಿದೆ, ಕಾಣುವುದರಲ್ಲೋ ಕಾಣದ್ದರಲ್ಲೋ ಅಂತ ಚರ್ಚೆ ನಡೆಯಿತು.

ಆ ಫೋಟೋದ ಮುಂದೆ ಕೂತಾಗ ನನಗೆ ಆಯಿ ನೆನಪಾದಳು. ಕಾಣದ್ದನ್ನು ಎದೆಯ ಮೇಲೆ ಹೊತ್ತು ಹೊಲದ ಕೆಲಸ ಮಾಡಿದವಳು. ಬೆಳ್ಳಿ ಹೊರಗೆ, ಕಂತಿ ಅನ್ನುವ ಕಪ್ಪು ಲೇಪ ಬಳಿದ ಲಿಂಗ ಅದರ ಒಳಗೆ, ಅದೂ ಸೆರಗಿನ ಮರೆಯಲ್ಲಿ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಎಡ ಅಂಗೈಯಲ್ಲಿಟ್ಟು ನೋಡುತ್ತಿದ್ದಳು. ಆಮೇಲೆ ಮತ್ತೆ ಒಳಗೆ. ಕುಂಜ್ಲಿಯ ಬಳೆ ಒಂದು ಪ್ರಶ್ನೆ ಕೇಳುತ್ತದೆ, ಒಳ್ಳೆಯ ಪ್ರಶ್ನೆ. ಆಯಿಗೆ ಅದು ಪ್ರಶ್ನೆ ಆಗಿರಲಿಲ್ಲ, ದಿನನಿತ್ಯದ ಬದುಕಾಗಿತ್ತು. ನಮ್ಮ ಮನೆಯಲ್ಲೇ ಇದ್ದ ವಸ್ತುವನ್ನು ನೋಡಲು ಒಂದು ವಿದೇಶಿ ಫೋಟೋ ಬೇಕಾಯಿತು ಅಂತ ನನಗೆ ಬೇಜಾರೇನಿಲ್ಲ. ಯಾವ ಕಿಟಕಿಯಿಂದ ಬೆಳಕು ಬಂದರೂ ಬೆಳಕೇ.

ಇಷ್ಟಲಿಂಗದ ವಿಚಾರ ನೋಡಿ. 12ನೇ ಶತಮಾನದ ಶರಣರು ದೇವರನ್ನು ಗುಡಿಯ ಒಳಗಿನಿಂದ ಮನುಷ್ಯರ ಕೊರಳಿಗೆ ತಂದರು. ಗುಡಿಯ ಬಾಗಿಲು ತೆರೆಯದವರಿಗೂ ಕೊಟ್ಟರು. ಹೆಂಗಸರಿಗೂ ಕೊಟ್ಟರು. ನಿಂತ ಶಿಲ್ಪ ಸ್ಥಾವರ, ನಡೆಯುವ ಮೈ ಜಂಗಮ. ಒಬ್ಬ ಶಿಲ್ಪಿಯಾಗಿ ನನಗೆ ಇದು ಬಹಳ ದೊಡ್ಡ ಮಾತು. ಕಲ್ಲಿನ ಬಾದಾಮಿಯಲ್ಲಿ ಹುಟ್ಟಿದ ಆಸೆಗೆ ಇಲ್ಲಿ ಕಾಲು ಬಂತು. ಆದರೆ ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತದೆ. ಗುಡಿ ಬೇಡ ಅಂದವರ ಮಕ್ಕಳು ಮುಂದೆ ಲಿಂಗಕ್ಕೆ ಬೆಳ್ಳಿಯ ಪುಟ್ಟ ಗುಡಿ ಕಟ್ಟಿದರು. ಬೆಳ್ಳಿಯದು ಉಳ್ಳವರಿಗೆ, ಬಟ್ಟೆಯದು ಇಲ್ಲದವರಿಗೆ. ಈ ತೊಡಕನ್ನು ನಾನು ಬಿಡಿಸಲಾರೆ. ಮನುಷ್ಯರ ಕೈಗೆ ಪ್ರೀತಿಯದ್ದು ಏನಾದರೂ ಸಿಕ್ಕರೆ ಅದಕ್ಕೊಂದು ಮನೆ ಕಟ್ಟದೆ ಇರಲಾರವು, ಅಷ್ಟು ಮಾತ್ರ ನನ್ನ ಕೈಗಳಿಂದಲೇ ತಿಳಿದಿದ್ದೇನೆ.

ಹಾಗಂತ ಕರಡಿಗೆಯನ್ನು ಕಲೆಯಾಗಿ ಮಾಡಲು ನನಗೆ ಹಕ್ಕಿದೆಯಾ? ನಾನು ದಿನಾ ಲಿಂಗ ಕಟ್ಟಿಕೊಳ್ಳುವವಳಲ್ಲ. ನನಗೂ ದೀಕ್ಷೆ ಆಗಿದೆ. ಹಾಸ್ಟೆಲ್ಲಿಗೆ ಹೋದ ಮೇಲೆ ಬಿಟ್ಟುಹೋಯಿತು. ಬಿಟ್ಟಿದ್ದಕ್ಕೆ ಯಾವ ದೊಡ್ಡ ಕಾರಣವೂ ಇಲ್ಲ. ಸುಮ್ನೆ ಬಿಟ್ಟುಹೋಯಿತು. ನಮ್ಮ ಪೀಳಿಗೆಯ ತುಂಬಾ ಜನರ ಕತೆ ಇದೇ ಅಲ್ವಾ? ಜಗಳ ಆಡಿ ಬಿಟ್ಟಿದ್ದಾದರೆ ಅದರದ್ದೊಂದು ನೆನಪಾದರೂ ಇರುತ್ತಿತ್ತು.

ನಾನು ಮಾಡಿದ ಮೊದಲ ಕರಡಿಗೆ ಬರೀ ನಕಲು. ಆಯಿಯದ್ದರ ಮೂರು ಪಟ್ಟು ದೊಡ್ಡದು. ಕೆಲಸ ಅಚ್ಚುಕಟ್ಟಾಗಿತ್ತು. ನೋಡಿದರೆ ಉಡುಗೊರೆ ಅಂಗಡಿಯ ವಸ್ತುವಿನಂತೆ ಕಾಣುತ್ತಿತ್ತು. ಕರಗಿಸಿಬಿಟ್ಟೆ. ಅವ್ವನಿಗೆ ಹೇಳಿದಾಗ ಅವಳು ಒಂದೇ ಮಾತು ಹೇಳಿದಳು. ‘ಲಿಂಗ ಮಾಡಬ್ಯಾಡ. ಲಿಂಗದ್ದು ಆಟ ಅಲ್ಲ. ಖಾಲಿ ಐತಲ್ಲ, ಅದನ್ನ ಮಾಡು.’ ಅವಳು ಅದನ್ನು ಎಚ್ಚರಿಕೆಯಾಗಿ ಹೇಳಿದಳು. ನನಗೆ ಮಾತ್ರ ಅದು ದಾರಿಯಾಯಿತು.

ಖಾಲಿ ಅಂದ ಕೂಡಲೇ ನಮ್ಮ ಊರಿನ ಕತೆ ಹೇಳಬೇಕು. ಎರಡು ಸಾವಿರದ ಇಸವಿ ಆದ ಮೇಲೆ ಆಲಮಟ್ಟಿಯ ಹಿನ್ನೀರು ಬಂತು. ಕೃಷ್ಣೆಯ ನೀರು ಘಟಪ್ರಭೆಯೊಳಗೆ ಹಿಂದಕ್ಕೆ ಸರಿದು ಏರಿತು. ಹಳೆ ಬಾಗಲಕೋಟೆಯ ಎಷ್ಟೋ ಭಾಗ ಹೋಯಿತು, ಜನ ನವನಗರಕ್ಕೆ ಬಂದರು. ನಮ್ಮ ಊರು ಪುನರ್ವಸತಿ ಕೇಂದ್ರವಾಯಿತು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ಅಂಕಿ 519.60. ಸಮುದ್ರಮಟ್ಟದಿಂದ ಅಷ್ಟು ಮೀಟರ್ ಎತ್ತರಕ್ಕೆ ಜಲಾಶಯದ ನೀರು ನಿಲ್ಲುತ್ತದೆ. ಆ ಗೆರೆಯ ಮೇಲಿದ್ದರೆ ಮನೆ, ಕೆಳಗಿದ್ದರೆ ಮುಳುಗಡೆ. ಈಗ 524ರ ಮಾತು ನಡೆದಿದೆ. ಆಯಿಯ ಸಮಾಧಿ ಆ ಮೊದಲ ಗೆರೆಯ ಕೆಳಗಿತ್ತು. ಅವಳು, ಅವಳ ಅಂಗೈಯ ಲಿಂಗ, ಹೊಲದ ಬದುವಿನ ಬೇವಿನ ಮರ, ಎಲ್ಲವೂ ನೀರಿನ ಅಡಿಗೆ ಹೋದವು. ಬಿರು ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ಒಮ್ಮೆ ಹುಡುಕಿಕೊಂಡು ಹೋಗಿದ್ದರು. ಬರೀ ಕೆಸರು, ಒಡೆದ ಬಿರುಕು ಕಂಡವಂತೆ.

ಕೂಡಲಸಂಗಮಕ್ಕೆ ನೀವು ಹೋಗಿರಬಹುದು. ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ಬಸವಣ್ಣನವರ ಐಕ್ಯಸ್ಥಳಕ್ಕೂ ಹಿನ್ನೀರು ಬರುತ್ತಿತ್ತು, ಅದು ಕೆಳಗಿನ ನಾರಾಯಣಪುರ ಅಣೆಕಟ್ಟಿನದು. ಅದನ್ನು ಉಳಿಸಲು ಸುತ್ತ ಒಂದು ಆಳವಾದ ಬಾವಿಯಂಥ ಗೋಡೆ ಕಟ್ಟಿದ್ದಾರೆ. ಹೊರಗೆ ನೀರು. ಒಳಗೆ ಮೆಟ್ಟಿಲಿಳಿದು ಹೋದರೆ ತಳದಲ್ಲಿ ಒಣಗಿದ ನೆಲ, ಸಣ್ಣ ಕಲ್ಲಿನ ಮಂಟಪ, ಲಿಂಗ. ನಾನು ಮೊದಲ ಸಲ ಇಳಿದಾಗ ಕಾಲು ಅಲ್ಲೇ ನಿಂತುಬಿಟ್ಟವು. ನಾನು ಒಂದು ದೊಡ್ಡ ಕರಡಿಗೆಯ ಒಳಗೆ ನಿಂತಿದ್ದೆ. ಆಯಿಗೆ ಇಂಥ ಬಾವಿ ಇರಲಿಲ್ಲ. ಯಾರ ಆಯಿಗೂ ಇರಲಿಲ್ಲ.

ಆ ಬಾವಿಯನ್ನು ಆಯಿಗೆ ನಾನೇ ಕಟ್ಟಬೇಕು ಅನ್ನಿಸಿತು. ಎದೆಯ ಮೇಲೆ ಹಾಕಿಕೊಳ್ಳುವಷ್ಟು ಚಿಕ್ಕದು. ಬೆಳ್ಳಿಯಲ್ಲಿ ಮಾಡಿದರೆ ಹೊಳಪು ಕಣ್ಣಿಗೆ ಅಡ್ಡ ಬರುತ್ತಿತ್ತು. ಹಾಗಾಗಿ ಬೀದರಿಗೆ ಹೋದೆ. ಬಿದರಿ ಕೆಲಸದ ಲೋಹ ಬಹುಪಾಲು ಸತು, ಹದಿನಾರು ಪಾಲಿಗೆ ಒಂದು ಪಾಲಿನಷ್ಟು ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಅದರ ಮೇಲೆ ಗೀರಿದ ಗೆರೆ ಚೆನ್ನಾಗಿ ಕಾಣುತ್ತದೆ. ಆ ಗೆರೆಯ ಗುಂಟ ಉಳಿಯಿಂದ ಕಾಲುವೆ ತೋಡಿ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕಲಸಿ, ಕಾದ ಲೋಹಕ್ಕೆ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅದೇ ಮಣ್ಣು, ಅದೇ ಬಿಸಿ. ಒಂದು ಲೋಹ ಕಪ್ಪಾಗಿ ಇನ್ನೊಂದು ಹಾಗೇ ಉಳಿಯುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ಅಲ್ಲಿನ ಕುಶಲಕರ್ಮಿಯೊಬ್ಬರಿಗೆ ನನ್ನ ಚಿತ್ರ ತೋರಿಸಿದೆ. ಅವರು ಹೂಬಳ್ಳಿ ಎಲ್ಲಿ ಅಂತ ಹುಡುಕಿದರು. ಇರಲಿಲ್ಲ. ಬರೀ ಒಂದು ಕಪ್ಪು ಕೊಳವೆ, ಒಳಗೆ ಇಳಿಯುವ ಮೆಟ್ಟಿಲು, ಹೊರಗೆ ಸುತ್ತಲೂ ಒಂದೇ ಒಂದು ಬೆಳ್ಳಿಯ ಗೆರೆ. ‘ಇಷ್ಟೇನಾ ಬಾಯಿ?’ ಅಂದರು. ಆ ಗೆರೆ ಏನು ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಗೆರೆಯನ್ನು ತಾವೇ ಕೂರಿಸಿದರು, ನನಗೆ ಮುಟ್ಟಲು ಬಿಡಲಿಲ್ಲ. ಎಲ್ಲೂ ಕೊಂಕಿಲ್ಲ. ನೀರು ನಿಂತ ಹಾಗೆಯೇ ಇದೆ.

‘ಬಾವಿ’ಯನ್ನು ದೊಡ್ಡ ನಗರದ ಒಂದು ಗ್ಯಾಲರಿಯ ಗುಂಪು ಪ್ರದರ್ಶನಕ್ಕೆ ಕಳಿಸಿದ್ದೆ. ಹೋಗಿ ನೋಡಿದರೆ ಅದರ ಕೆಳಗಿನ ಚೀಟಿಯಲ್ಲಿ ‘ಟ್ರೈಬಲ್ ಪೆಂಡೆಂಟ್’ ಅಂತ ಬರೆದಿದ್ದರು. ನಾನು ಕಳಿಸಿದ್ದ ಎರಡು ಪುಟದ ಟಿಪ್ಪಣಿ ಎಲ್ಲೂ ಇರಲಿಲ್ಲ. ಕೇಳಿದರೆ, ಜನರಿಗೆ ಬೇಗ ಅರ್ಥ ಆಗಲಿ ಅಂತ ಹಾಗೆ ಹಾಕಿದೆವು ಅಂದರು. ನನಗೆ ತುಂಬಾ ನೋವಾಯಿತು. ಆ ವಸ್ತುವಿನಲ್ಲಿ ಒಂದು ನದಿ ಇದೆ, ಒಂದು ಅಣೆಕಟ್ಟು ಇದೆ, ಎಂಟುನೂರು ವರ್ಷಗಳ ಒಂದು ಮಾತಿದೆ, ಒಬ್ಬ ಮುದುಕಿ ಇದ್ದಾಳೆ. ಅವಳನ್ನು ಎರಡು ಪದದಲ್ಲಿ ಇನ್ನೊಮ್ಮೆ ಮುಳುಗಿಸಿದ ಹಾಗಾಯಿತು. ಚೀಟಿ ಬದಲಿಸುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಸಂಜೆಯ ಹೊತ್ತಿಗೆ ಬದಲಿಸಿದರು. ಕನ್ನಡದಲ್ಲೂ ಬರೆಸಿದೆ. ಗುರುತು, ಪರಂಪರೆ ಅನ್ನುವ ಮಾತುಗಳನ್ನು ಈಗ ಎಲ್ಲರೂ ಬಳಸುತ್ತಾರೆ. ಆದರೆ ಊರಿನ ಹೆಸರು ಹೇಳದೆ, ನೀರಿನ ಮಟ್ಟ ಹೇಳದೆ, ಮಾಡಿದ ಕೈ ಯಾವುದು ಅಂತ ಹೇಳದೆ ಅವು ಬರೀ ಬಣ್ಣದ ಮಾತುಗಳು. ಇದನ್ನು ನಾನು ಜಗಳ ಆಡಿಯಾದರೂ ಹೇಳುತ್ತೇನೆ.

ಕಳೆದ ಎರಡು ವರ್ಷದಿಂದ ಮಾಡುತ್ತಿರುವುದು ‘ಅಂಗೈ’.

ಲಿಂಗಪೂಜೆಯಲ್ಲಿ ಎಡ ಅಂಗೈಯೇ ಪೀಠ. ಆಯಿಯನ್ನು ಮಣ್ಣಿಗಿಟ್ಟಾಗಲೂ ಲಿಂಗ ಅಲ್ಲೇ ಇತ್ತು. ಆ ಅಂಗೈಯ ಗುಳಿ ಈಗ ಎಲ್ಲಿದೆ? ಅವ್ವನ ಕೈ ಆಯಿಯ ಕೈಯಂತೆಯೇ ಇದೆ ಅಂತ ಎಲ್ಲರೂ ಹೇಳುತ್ತಾರೆ. ಆಯಿ ಅವಳ ತಾಯಿ. ಹಾಗಾಗಿ ಅವ್ವನ ಅಂಗೈಯಿಂದಲೇ ಶುರು ಮಾಡಿದೆ.

ಜೇನುಮೇಣಕ್ಕೆ ಸ್ವಲ್ಪ ರಾಳ ಬೆರೆಸಿ ತೆಳ್ಳಗೆ ಹಾಳೆ ಮಾಡಿದೆ. ಉಗುರುಬೆಚ್ಚಗೆ ಇರುವಾಗಲೇ ಅವ್ವನ ಎಡ ಅಂಗೈಯಲ್ಲಿಟ್ಟು ನನ್ನ ಹೆಬ್ಬೆರಳಿಂದ ಒತ್ತುತ್ತಾ ಹೋದೆ. ಅವ್ವ ಕೈಯನ್ನು ಲಿಂಗ ಹಿಡಿಯುವ ಹಾಗೆ ಗುಳಿ ಮಾಡಿಕೊಂಡು ಕೂತಿದ್ದಳು. ನಾನು ಹೇಳಿಕೊಡಬೇಕಾಗಲಿಲ್ಲ. ಮೇಣ ಗಟ್ಟಿಯಾದ ಮೇಲೆ ತೆಗೆದು ತಿರುಗಿಸಿ ನೋಡಿದರೆ, ಹೊರಮೈಯಲ್ಲಿ ಅವ್ವನ ಅಂಗೈಯ ಗೆರೆಗಳೆಲ್ಲ ಮೂಡಿದ್ದವು. ಚಿಕ್ಕಂದಿನಲ್ಲಿ ಜೋಳ ಕೊಯ್ಯುವಾಗ ಕುಡುಗೋಲು ತಾಗಿದ ಗಾಯದ ಗುರುತೂ ಇತ್ತು. ಒಳಮೈಯಲ್ಲಿ ನನ್ನ ಹೆಬ್ಬೆರಳಿನ ಗುರುತುಗಳು. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಹಾಗೇ ಬಿಟ್ಟೆ.

ಮೇಣದ ಎರಕ ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಇದರ ವಿವರ ಇದೆ. ಬೆಳ್ಳಿಯಾದರೆ ಮೇಣದ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ತೂಕ ತೆಗೆದುಕೊಳ್ಳಬೇಕು ಅಂತ ಅದರಲ್ಲಿ ಲೆಕ್ಕ ಹೇಳಿದೆ. ಅದಾಗಿ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಶರಣರು ಸೇರಿದರು. ಇವತ್ತು ನನ್ನ ತಕ್ಕಡಿಯಲ್ಲಿ ಲೆಕ್ಕ ಹಾಕಿದರೆ ಹನ್ನೊಂದು ಪಟ್ಟಿನ ಹತ್ತಿರ ಬರುತ್ತದೆ. ಅಚ್ಚಿನ ದಾರಿಯಲ್ಲಿ, ಬಾಯಲ್ಲಿ ಉಳಿಯುವ ಲೋಹವನ್ನೂ ಸೇರಿಸಿದರೆ ಹನ್ನೆರಡು ಸರಿಯಾದ ಲೆಕ್ಕವೇ. ಯಾರೋ ಕೈಯಾರೆ ಮಾಡಿ ನೋಡಿ ಹೇಳಿದ ಅಂಕಿ ಅದು ಅಂತ ನನಗೆ ಖಾತ್ರಿ.

ಮೇಣದ ಮೇಲೆ ಮೊದಲು ಹುತ್ತದ ಮಣ್ಣಿನ ನುಣ್ಣನೆ ಗಸಿ. ಒಣಗಿದ ಮೇಲೆ ಇನ್ನೊಂದು. ಆಮೇಲೆ ಸಗಣಿ, ಹೊಟ್ಟು ಕಲಸಿದ ಒರಟು ಮಣ್ಣು. ಬೆಂಕಿಗಿಟ್ಟರೆ ಮೇಣ ಕರಗಿ ಹರಿದು ಹೋಗುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗಕ್ಕೆ ಬೆಳ್ಳಿ ಹೊಯ್ಯಬೇಕು. ಕಾಕಾ ಜೊತೆಗಿದ್ದರು. ಮೊದಲ ಸಲ ಅಚ್ಚು ಆರಿಹೋಗಿತ್ತು. ಬೆಳ್ಳಿ ಅರ್ಧ ದಾರಿಯಲ್ಲೇ ಹೆಪ್ಪುಗಟ್ಟಿತು. ಒಡೆದು ನೋಡಿದರೆ ಎರಡು ಬೆರಳ ಬುಡ ಮಾತ್ರ. ಮೇಣವಂತೂ ಹೋಗಿಯೇ ಹೋಗಿತ್ತು. ಈ ಕೆಲಸದಲ್ಲಿ ಎರಕ ಕೆಟ್ಟರೆ ಮೂಲವೂ ಉಳಿಯುವುದಿಲ್ಲ. ಮತ್ತೆ ಅವ್ವನ ಮುಂದೆ ಕೂತು ಕೈ ಕೇಳಬೇಕು. ಎರಡನೇ ಸಲ ಒಂದು ಕಡೆ ಗಾಳಿ ಸಿಕ್ಕಿಕೊಂಡು ತೂತು ಬಿತ್ತು. ಅದೂ ನಡುಮಧ್ಯದಲ್ಲಿ, ಕುಡುಗೋಲಿನ ಗಾಯದ ಜಾಗದಲ್ಲಿ. ಮೂರನೇ ಸಲ ಕೈ ಕೊಡುವಾಗ ಅವ್ವನ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಎರಡು ವರ್ಷದಲ್ಲಿ ಅವಳ ಕೈಯೂ ಬದಲಾಗಿದೆ. ಆ ನಡುಕದಿಂದ ಮೇಣದ ಗೆರೆಗಳು ಒಂದೆರಡು ಕಡೆ ಜೋಡಿಯಾಗಿ ಮೂಡಿದವು. ಅದನ್ನೇ ಎರಕ ಹೊಯ್ದೆವು. ಬಂತು.

ಹುಣಸೆ ನೀರಲ್ಲಿ ಕುದಿಸಿ ತೊಳೆದೆ. ಹೊರಗಿನ ಗೆರೆಗಳಿಗೆ ಅರ ಮುಟ್ಟಿಸಲಿಲ್ಲ. ಒಳಗಡೆ ಮಾತ್ರ ಗಂಧಕ ಬಳಸಿ ಕಪ್ಪು ಮಾಡಿದೆ, ಕಂತಿಯ ನೆನಪಿಗೆ. ತೂಕ 112 ಗ್ರಾಂ. ಅಂಗೈಯಲ್ಲಿ ಇಟ್ಟುಕೊಂಡರೆ ಇನ್ನೊಂದು ಅಂಗೈ ಕೆಳಗಿನಿಂದ ಹಿಡಿದ ಹಾಗೆ ಅನ್ನಿಸುತ್ತದೆ. ಇದನ್ನು ಕೈಯಲ್ಲಿ ಹಿಡಿದು ನೋಡುವ ವಸ್ತುವಾಗಿಯೇ ನಾನು ಮಾಡಿದ್ದೆ. ಪ್ರದರ್ಶನದಲ್ಲಿ ಯಾರು ಬೇಕಾದರೂ ಎತ್ತಿಕೊಳ್ಳಲಿ, ಸ್ವಲ್ಪ ಹೊತ್ತು ಹಿಡಿಯಲಿ, ಇಟ್ಟುಹೋಗಲಿ ಅಂತ.

ಹೋದ ಭಾನುವಾರ ಅವ್ವನಿಗೆ ತೋರಿಸಿದೆ. ಕಿಟಕಿಯ ಹತ್ತಿರ ಒಯ್ದು ತಿರುಗಿಸಿ ತಿರುಗಿಸಿ ನೋಡಿದಳು. ಗಾಯದ ಗುರುತನ್ನು ಬೆರಳಿಂದ ಮುಟ್ಟಿದಳು. ಕಬ್ಬಿಣದ ಟ್ರಂಕಿನಿಂದ ಆಯಿಯ ಕರಡಿಗೆ ತೆಗೆದು ತಂದು ಆ ಗುಳಿಯಲ್ಲಿಟ್ಟಳು. ಒಂದು ಕಡೆಗೆ ಸ್ವಲ್ಪ ವಾಲಿತು, ಆದರೆ ಕೂತಿತು. ತುಂಬಾ ಹೊತ್ತು ಹಾಗೇ ನೋಡಿದಳು.

‘ಎಲ್ಲಾ ಚಂದ ಐತಿ’ ಅಂದಳು. ‘ದಾರಕ್ಕ ಕಿವಿ ಎಲ್ಲಿ ಐತಿ?’

‘ಇಲ್ಲವಾ. ಇದು ಕೊರಳಿಗೆ ಕಟ್ಟೂದಲ್ಲ. ಕೈಯಾಗ ಹಿಡಿಯೂದು.’

‘ಕೈಯಾಗ ಎಷ್ಟೊತ್ತ ಹಿಡೀತಿ? ರೊಟ್ಟಿ ಬಡಿಯೂದಿಲ್ಲೇನು, ನೀರ ತರೂದಿಲ್ಲೇನು? ಎರಡ ಕಿವಿ ಹಚ್ಚು.’

ನಾಳೆ ಕಾಕಾನ ಹತ್ತಿರ ಹೋಗಬೇಕು. ಇಷ್ಟು ದಪ್ಪದ ಎರಕಕ್ಕೆ ಕಿವಿ ಬೆಸೆಯುವಾಗ ಇಡೀ ವಸ್ತುವನ್ನು ಸಮನಾಗಿ ಕಾಸಬೇಕು, ಒಬ್ಬಳಿಂದ ಆಗುವುದಿಲ್ಲ.

ಅವ್ವ ಮಾತ್ರ ಕಾಯಲಿಲ್ಲ. ಹತ್ತಿಯ ನೂಲು ತಂದುಕೊಂಡು ಕೂತಳು. ಕಾಲು ಚಾಚಿ, ತೊಡೆಯ ಮೇಲೆ ನೂಲು ಹೊಸೆಯಲು ಶುರು ಮಾಡಿದಳು. ಎಷ್ಟು ಉದ್ದ ಬೇಕು ಅಂತ ಕೇಳಲಿಲ್ಲ. ತಲೆ ಎತ್ತಿ ನನ್ನ ಕೊರಳಿಂದ ಎದೆಯವರೆಗೆ ಒಮ್ಮೆ ಕಣ್ಣಲ್ಲೇ ಅಳೆದಳು. ಮತ್ತೆ ಹೊಸೆದಳು.